ದಾಳಿಂಬೆ ಕೆಂಪಿನ ಮನೆ

ನೆನೆಸಿದ ಅವರೆಕಾಳನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಇಟ್ಟು ಹಿತುಕಿದರೆ ಬೇಳೆ ಚಿಮ್ಮಿ ಪಾತ್ರೆಗೆ ಬೀಳಬೇಕು, ಸಿಪ್ಪೆ ಕೈಯಲ್ಲಿ ಉಳಿಯಬೇಕು. ಅವತ್ತು ನನ್ನ ಬೇಳೆಗಳು ಪಾತ್ರೆಯೊಂದನ್ನು ಬಿಟ್ಟು ಬೇರೆಲ್ಲ ಕಡೆ ಬೀಳುತ್ತಿದ್ದವು. ಒಂದು ಒಲೆಯ ಮುಂದೆ, ಒಂದು ನನ್ನ ಮಡಿಲಿಗೆ, ಒಂದು ನೇರವಾಗಿ ಎದುರಿಗೆ ಕೂತಿದ್ದ ಸೊಸೆ ರೋಸ್ಲಿನ್‌ಳ ಹಣೆಗೆ.

"ಅವರೆಕಾಳಿನ ಮೇಲೆ ಯಾಕತ್ತೆ ಕೋಪ?" ಹಣೆ ಒರೆಸಿಕೊಂಡು ಕೇಳಿದಳು. "ದೀಪದ ವಿಷಯ ಏನು ಅಂತ ಬಾಯಿಬಿಟ್ಟು ಹೇಳಿಬಿಡಿ."

"ಹೇಳೋದೇನಿದೆ? ಹಸಿರೇ ಇರಲಿ."

"ನಿನ್ನೆ ಬಣ್ಣ ಬದಲಾಗೋದು ಕಟ್ಟೋಣ ಅಂದ್ರಿ. ಮೊನ್ನೆ ಹಸಿರು ಅಂದಿದ್ರಿ. ಆ ಬಣ್ಣದ ಸೆಟ್ಟೇ ನಿಮಗಿಂತ ವಾಸಿ ಅತ್ತೆ, ಅದ್ರಲ್ಲಿ ಯಾವ್ದಾದ್ಮೇಲೆ ಯಾವ್ದು ಬರುತ್ತೆ ಅಂತಾನಾದ್ರೂ ಗೊತ್ತಿರುತ್ತೆ."

ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ. ನನ್ನನ್ನು ಊರಲ್ಲಿ ಎಲ್ಲರೂ ತಾಳ್ಮೆಯ ಹೆಂಗಸು ಅನ್ನುತ್ತಾರೆ. ರೋಸ್ಲಿನ್ ಬಂದ ಹೊಸದರಲ್ಲಿ ಹಾಲು ಹೆಪ್ಪಾಗಿದೆಯೋ ಎಂದು ಗಳಿಗೆಗೊಮ್ಮೆ ಮುಚ್ಚಳ ತೆಗೆದು ನೋಡುತ್ತಿದ್ದಳು. ನೋಡಿದಷ್ಟೂ ತಡ ಮಗಳೇ ಎಂದು ನಾನೇ ಬುದ್ಧಿ ಹೇಳಿದ್ದೆ. ಆದರೆ ಈ ಡಿಸೆಂಬರಿನಲ್ಲಿ ಕೂತರೆ ಏಳಬೇಕು ಅನ್ನಿಸುತ್ತಿತ್ತು, ಎದ್ದರೆ ಯಾಕೆ ಎದ್ದೆ ಎಂದು ಮರೆತುಹೋಗುತ್ತಿತ್ತು. ಬಾಗಿಲಿಗೆ ಹೋಗುವುದು, ತಲೆಯೆತ್ತಿ ಹಸಿರು ಬಲ್ಬುಗಳನ್ನು ನೋಡುವುದು, ಒಳಗೆ ಬರುವುದು. ಹಬ್ಬ ಹತ್ತಿರವಾಗುತ್ತಿತ್ತು.

ನಮ್ಮ ಊರಿನ ಸಂಗತಿ ಹೇಳಬೇಕು. ಕ್ರಿಸ್ಮಸ್ಸಿಗೆ ನಾಲ್ಕು ವಾರ ಮುಂಚೆ ಶುರುವಾಗುವ ಆಗಮನ ಕಾಲದ ಮೊದಲ ಭಾನುವಾರದಿಂದ ಹಿಡಿದು, ಕ್ರಿಸ್ಮಸ್ ಕಳೆದು ಜನವರಿಯ ಮೂರು ರಾಯರ ಹಬ್ಬದವರೆಗೆ ಇಲ್ಲಿ ಮನೆಗಳು ಇದ್ದಲ್ಲಿ ಇರುವುದಿಲ್ಲ. ಅವು ಜಾಗ ಬದಲಿಸುವುದನ್ನು ಯಾರೂ ಕಂಡವರಿಲ್ಲ. ಒಲೆಯ ಮೇಲಿನ ಸಾರು ತುಳುಕುವುದಿಲ್ಲ, ತೊಟ್ಟಿಲಲ್ಲಿ ಮಲಗಿದ ಮಗು ಕದಲುವುದಿಲ್ಲ. ಆದರೆ ಕೊತ್ತಂಬರಿ ಸೊಪ್ಪು ತರಲು ಹೋದವರು ತಿರುಗಿ ಬರುವಷ್ಟರಲ್ಲಿ ಮನೆ ಇನ್ನೊಂದು ಬೀದಿಯಲ್ಲಿರುತ್ತದೆ. ಯೇಸುವಿನ ಗುಡಿಯೊಂದೇ ನಿಂತಲ್ಲಿ ನಿಲ್ಲುವುದು. ಮೂರು ರಾಯರ ಹಬ್ಬದ ದಿನ ಮನೆ ಎಲ್ಲಿರುತ್ತದೋ ಆ ವರ್ಷಕ್ಕೆ ಅದೇ ಜಾಗ, ಪಕ್ಕದಲ್ಲಿ ಸಿಕ್ಕವರೇ ನೆರೆಯವರು. ಈ ವರ್ಷ ಬೈದವಳ ಗೋಡೆಗೆ ಬರುವ ವರ್ಷ ನಮ್ಮ ಗೋಡೆ ತಾಗಿ ನಿಲ್ಲಬಹುದು ಎಂದು ನಮ್ಮಲ್ಲಿ ಜಗಳ ಆಡುವವರೂ ಸ್ವಲ್ಪ ನೋಡಿಕೊಂಡೇ ಆಡುತ್ತಾರೆ. ರೋಸ್ಲಿನ್‌ಳ ತವರಿನಲ್ಲಿ ಮನೆಗಳು ವರ್ಷವೆಲ್ಲ ಅಲ್ಲಲ್ಲೇ ಇರುತ್ತವಂತೆ. ಅಂಥ ಕಡೆ ಹೇಗಮ್ಮ ಹೊತ್ತು ಹೋಗುತ್ತೆ ಎಂದು ಅವಳನ್ನು ಕೇಳಿದ್ದೆ.

ಹೀಗಾಗಿ ನಮ್ಮಲ್ಲಿ ಹಬ್ಬದ ದೀಪವನ್ನು ಚೆಂದಕ್ಕೆ ಕಟ್ಟುವುದಲ್ಲ, ಮನೆಯ ಗುರುತಿಗೆ ಕಟ್ಟುವುದು; ಗೋಡೆ, ಬಾಗಿಲು ಎಲ್ಲರದೂ ಒಂದೇ ಥರ. ಒಂದೊಂದು ಮನೆಗೆ ಒಂದೊಂದು ಬಣ್ಣ, ತಲೆಮಾರಿನಿಂದ ಬಂದದ್ದು. ಹೊರಗಿನ ಕೆಲಸವನ್ನೆಲ್ಲ ದೀಪ ಹತ್ತಿದ ಮೇಲೆ ಇಟ್ಟುಕೊಳ್ಳುತ್ತೇವೆ. ಹಾಲಿನವಳು ಮುಸ್ಸಂಜೆಗೆ ಬರುತ್ತಾಳೆ, ಟಪಾಲಿನ ಮಾದಯ್ಯನೂ ಮುಸ್ಸಂಜೆಗೇ ಬರುತ್ತಾನೆ, ಬಣ್ಣ ನೋಡಿ ಕಾಗದ ಕೊಡುತ್ತಾನೆ. ಕೆಂಪು ಅಂದರೆ ಒಂದೇ ಕೆಂಪಲ್ಲ. ಇಟ್ಟಿಗೆ ಕೆಂಪು ಒಂದು ಮನೆ, ದಾಸವಾಳದ ಕೆಂಪು ಇನ್ನೊಂದು ಮನೆ. ನಮ್ಮದು ದಾಳಿಂಬೆ ಕೆಂಪು, ಒಡೆದ ಹಣ್ಣಿನ ಕಾಳಿಗೆ ಬಿಸಿಲು ಬಿದ್ದಾಗ ಕಾಣುವ ಬಣ್ಣ. ನಮ್ಮ ತಾತ ಗಾಜಿನ ಬುರುಡೆಯನ್ನು ಅದ್ಯಾವ ಬಣ್ಣದಲ್ಲಿ ಅದ್ದಿದ್ದನೋ, ಆ ಗುಟ್ಟು ಅವನ ಜೊತೆಗೇ ಹೋಯಿತು.

ಆ ಬುರುಡೆಯನ್ನು ಒಡೆದವನು ನಮ್ಮ ಅಪ್ಪ ಚಿನ್ನಪ್ಪ.

ನಾವು ಇಬ್ಬರು ಹೆಣ್ಣುಮಕ್ಕಳು, ನಾನು ಸವೇರಿಯಮ್ಮ, ನನ್ನ ತಂಗಿ ಲೂರ್ದು. ನನಗೆ ಮನೆ ಅಳಿಯನನ್ನು ತಂದರು, ನಾನು ಹುಟ್ಟಿದ ಮನೆಯಲ್ಲೇ ಉಳಿದೆ. ಲೂರ್ದು ಕಾಯುವ ಪೈಕಿ ಅಲ್ಲ. ಅನ್ನ ಬಸಿಯುವ ಮೊದಲೇ ತಟ್ಟೆ ಹಿಡಿಯುವವಳು. ಮದುವೆಯೊಂದಕ್ಕೆ ಬಂದಿದ್ದ ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿನೆಟ್ ಊದುತ್ತಿದ್ದ ಮುನಿವೆಂಕಟ ಅನ್ನುವವನ ಹಿಂದೆ ಹೊರಟುಹೋದಳು. ನಮ್ಮ ಜನವಲ್ಲ, ನಮ್ಮ ಗುಡಿಯಲ್ಲ. ಆ ವರ್ಷ ಆಗಮನ ಕಾಲ ಬಂದಾಗ ಅಪ್ಪ ಅಟ್ಟದಿಂದ ಕೆಂಪು ಬುರುಡೆ ಇಳಿಸಿದ, ಬಟ್ಟೆಯಿಂದ ಚೆನ್ನಾಗಿ ಒರೆಸಿದ, ಅಂಗಳದ ಒಗೆಯುವ ಕಲ್ಲಿಗೆ ಕುಕ್ಕಿದ. ಆಮೇಲೆ ಪೇಟೆಗೆ ಹೋಗಿ ಹಸಿರು ಬಲ್ಬಿನ ಸರ ತಂದು ಬಾಗಿಲಿಗೆ ಕಟ್ಟಿದ. "ಈಗ ಬರಲಿ, ಯಾವ ಮನೆಗೆ ಬರ್ತಾಳೋ ನೋಡ್ತೀನಿ" ಅಂದ.

ಅವಳು ಬಂದಳು. ಧನುರ್ಮಾಸದಲ್ಲಿ ಮದುವೆಗಳಿಲ್ಲ, ಬ್ಯಾಂಡಿನವರಿಗೆ ಬಿಡುವು ಸಿಗುವುದು ಅದೊಂದು ತಿಂಗಳು. ಬಂದು ಊರೆಲ್ಲ ಸುತ್ತಿದಳು. ಹಸಿರು ದೀಪದ ಮುಂದೆಯೂ ಹಾದುಹೋಗಿರಬೇಕು. ನಾವು ಒಳಗೆ ಊಟಕ್ಕೆ ಕೂತಿದ್ದಿರಬೇಕು. ಯಾರನ್ನೂ ಕೇಳಲಿಲ್ಲ. ಹಬ್ಬ ಕಳೆದ ಮೇಲೆ ಒಂದು ಕಾಗದ ಬಂತು. ಆಗ ನನಗೆ ಓದಲು ಬಾರದು. ಗುಡಿಯ ಉಪದೇಶಿಯ ಹತ್ತಿರ ಹೋದೆ. ಅವರು ಗಂಟಲು ಸರಿಮಾಡಿಕೊಂಡು, ಕೀರ್ತನೆ ಓದುವವರ ಹಾಗೆ ದೊಡ್ಡದಾಗಿ ಓದಿದರು. "ಅಕ್ಕ, ಬಂದಿದ್ದೆ. ನಮ್ಮ ಕೆಂಪು ಎಲ್ಲೂ ಇರಲಿಲ್ಲ. ಹುಟ್ಟಿದ ಮನೆ ಯಾವುದು ಅಂತ ಬೀದಿಯಲ್ಲಿ ಹೋಗುವವರನ್ನು ಕೇಳಲಾರೆ. ಕೆಂಪು ಹತ್ತಿಸಿದ ವರ್ಷ ತಿಳಿಸು." ಸಂಜೆಯ ಹೊತ್ತಿಗೆ ಅದು ಬಾವಿಕಟ್ಟೆಯಲ್ಲೆಲ್ಲ ಗೊತ್ತಾಗಿತ್ತು. ಇದಕ್ಕೆ ಉತ್ತರ ಬರೆದರೆ ನಾನೇ ಬರೆಯಬೇಕು, ಇನ್ನೊಬ್ಬರ ಬಾಯಿಗೆ ಹಾಕಬಾರದು ಎಂದು ಅವತ್ತೇ ಗಟ್ಟಿ ಮಾಡಿಕೊಂಡೆ. ಗುಡಿಯ ಹಿಂದಿನ ಕೋಣೆಯಲ್ಲಿ ರಾತ್ರಿ ಶಾಲೆ ಶುರುವಾದದ್ದು ನನ್ನ ಮಗನಿಗೆ ಮೀಸೆ ಬಂದ ಮೇಲೆ. ಬೀಡಿ ಕಟ್ಟುವವರು, ಗಾರೆ ಕೆಲಸದವರ ಜೊತೆ ಕೂತು ತಿದ್ದಿದೆ. ಒತ್ತಕ್ಷರ ನನಗೆ ಬಹಳ ದಿನ ಕೈಗೆ ಹತ್ತಲಿಲ್ಲ. ಹತ್ತಿದ ಮೇಲೆ ಬರೆದೆ.

ಬರೆದದ್ದು ಪೆಟ್ಟಿಗೆಯಲ್ಲೇ ಉಳಿಯಿತು. ಅಪ್ಪ ಸತ್ತ ಸುದ್ದಿ, ನನ್ನ ಗಂಡ ಹೋದ ಸುದ್ದಿ, ಮೊಮ್ಮಗಳು ಹುಟ್ಟಿದ ಸುದ್ದಿ, ಎಲ್ಲ ಇತ್ತು. ಕೊನೆಗೆ ಒಂದು ಸಾಲಿನಷ್ಟು ಜಾಗ ಬಿಟ್ಟಿದ್ದೆ: ಯಾವ ದೀಪ ನೋಡಿಕೊಂಡು ಬಾ ಅನ್ನುವ ಸಾಲು. ಹಸಿರು ಅಂತ ಬರೆದರೆ ಮುಗಿಯುತ್ತಿತ್ತು. ಊರಿಗೆಲ್ಲ ನಾವು ಹಸಿರು ಮನೆಯವರೇ ಆಗಿದ್ದೆವು. ಆದರೆ ಅವಳನ್ನು ಹೊರಗೆ ನಿಲ್ಲಿಸಲೆಂದೇ ಕಟ್ಟಿದ ಬಣ್ಣ ಅದು. ಅದರ ಅಡಿಯಲ್ಲಿ ತಲೆ ತಗ್ಗಿಸಿ ಒಳಗೆ ಬಾ ಎಂದು ಸ್ವಂತ ತಂಗಿಗೆ ಬರೆಯಲು ನನ್ನ ಕೈ ಏಳಲಿಲ್ಲ. ಪ್ರತಿವರ್ಷ ಇನ್ನಾಸಪ್ಪನ ಎಲೆಕ್ಟ್ರಿಕ್ ಅಂಗಡಿಗೆ ಹೋಗಿ ಕೆಂಪು ತೋರಿಸು ಎನ್ನುತ್ತಿದ್ದೆ. ಅವನು ಹಚ್ಚಿ ತೋರಿಸುತ್ತಿದ್ದ. ಒಂದು ಟೊಮೆಟೊ, ಒಂದು ಮೆಣಸಿನಕಾಯಿ. ದಾಳಿಂಬೆ ಇಲ್ಲ.

ಹೋದ ಬೇಸಿಗೆಯಲ್ಲಿ ಮಾದಯ್ಯ ನೆಂಟರ ಮದುವೆಗೆ ಹೋಗಿದ್ದವನು ಲೂರ್ದುವನ್ನು ಕಂಡು ಬಂದ. "ತಲೆ ಹತ್ತಿಯಾಗಿದೆ ಕಣವ್ವ. ಗಂಡನ ಕ್ಲಾರಿನೆಟ್ ಪೆಟ್ಟಿಗೆ ತಾನೇ ಎತ್ಕೊಂಡು ಬ್ಯಾಂಡಿನ ಹಿಂದೆ ಬತ್ತಿದ್ಲು. ಮಂಡಿ ಹಿಡ್ಕೊಂಡು ಹಿಡ್ಕೊಂಡು ಬತ್ತಿದ್ಲು. ಅಕ್ಕ ಕೆಂಪು ಹತ್ಸುದ್ಲಾ ಅಂತ ಕೇಳುದ್ಲು. ನಾನೇನು ಹೇಳನವ್ವ." ಅಂದಿನಿಂದ ನನ್ನ ತಾಳ್ಮೆ ಹಳೇ ಸೀರೆಯ ಹಾಗೆ ಮಡಿಕೆ ಮಡಿಕೆಯಲ್ಲಿ ಪಿಸಿಯತೊಡಗಿತು. ಆ ಮಂಡಿ ಇನ್ನೆಷ್ಟು ಧನುರ್ಮಾಸ ನಡೆದೀತು?

ಈ ವರ್ಷ ಇನ್ನಾಸಪ್ಪ ಬಣ್ಣ ಬದಲಾಗುವ ಸೀರಿಯಲ್ ಸೆಟ್ ತರಿಸಿದ. ಅಂಗಡಿಯ ಮುಂದೆ ಜನ ಕೋಳಿ ಅಂಕಕ್ಕೆ ಸೇರಿದ ಹಾಗೆ ಸೇರಿದ್ದರು. ರೋಸ್ಲಿನ್ ನನ್ನನ್ನೂ ಎಳೆದುಕೊಂಡು ಹೋದಳು. ಅವಳಿಗೆ ಹಸಿರು ಸಾಕಾಗಿತ್ತು. ನೋಡಿ ನೋಡಿ ನನ್ನ ಮೈಮೇಲೆ ಪಾಚಿ ಬೆಳೆದಿದೆ ಅನ್ನುತ್ತಿದ್ದಳು. ಬಲ್ಬುಗಳು ನೀಲಿಯಾದವು, ನೇರಳೆಯಾದವು. ನೇರಳೆಯಿಂದ ಹಳದಿಗೆ ಹೋಗುವ ದಾರಿಯಲ್ಲಿ ನಡುವೆ ಒಂದು ಗಳಿಗೆ ಕೆಂಪಾದವು. ನಾನು ಅವಳ ಮುಂಗೈ ಹಿಡಿದುಕೊಂಡೆ.

"ಏನಾಯ್ತತ್ತೆ?"

"ಅದೇ ಕಣೆ. ನಮ್ಮದು."

ಅಷ್ಟು ಹೊತ್ತಿಗೆ ಹಳದಿಯಾಗಿತ್ತು. "ಇಷ್ಟು ಬೇಗ ಹೋಗೋದಾದ್ರೆ ಯಾಕಪ್ಪ ಬಂತು?" ಎಂದು ಇನ್ನಾಸಪ್ಪನನ್ನು ಕೇಳಿದೆ. ಅವನು ನಕ್ಕ. "ಹೊಸ ಕಾಲ ಸವೇರಿಯಮ್ಮ. ಒಂದೇ ಮನೇಲಿ ಎಲ್ಲ ಬಣ್ಣನೂ ಇರುತ್ತೆ. ನಮ್ಮನೆಗೂ ಕಟ್ಟಿದೀನಿ."

ಸೆಟ್ಟು ಮನೆಗೆ ಬಂತು, ಬಾಗಿಲಿಗೆ ಹೋಗಲಿಲ್ಲ. ನಿಂತ ಹಸಿರಿನಲ್ಲಿ ಲೂರ್ದುವಿಗೆ ಜಾಗವಿಲ್ಲ; ಅವಳ ಜಾಗವಿರುವ ಬಣ್ಣ ನಿಲ್ಲುವುದಿಲ್ಲ. ಕಾಗದದ ಆ ಒಂದು ಸಾಲಿಗೆ ಏನು ಬರೆಯಲಿ? ಅವರೆಕಾಳಿನ ಪಾತ್ರೆಯ ಮುಂದೆ ಕೂತು ನಾನು ಅಂದೂ ಅದನ್ನೇ ಅರೆಯುತ್ತಿದ್ದೆ.

ಕೊನೆಗೆ ಕೈ ತೊಳೆದು ಎದ್ದೆ. "ರೋಸ್ಲಿನ್, ಹಸಿರು ಬಿಚ್ಚಿ ಆ ಸೆಟ್ಟು ಕಟ್ಟು. ನಾನು ಲೂರ್ದು ಆಗಿ ಬರ್ತೀನಿ."

"ಏನಾಗಿ ಬರ್ತೀರಾ?"

"ಹೊರಗೆ ಹೋಗಿ ಊರಿಗೆ ಹೊಸದಾಗಿ ಬಂದವಳ ಹಾಗೆ ಮನೆ ಹುಡುಕ್ತೀನಿ. ಸಿಕ್ಕಿದ್ರೆ ಅವಳಿಗೂ ಸಿಗುತ್ತೆ."

"ಮಂಜು ಬೀಳ್ತಿದೆ, ತಲೆಗೆ ಸೆರಗು ಹಾಕ್ಕೊಳ್ಳಿ ಲೂರ್ದು ಚಿಕ್ಕತ್ತೆ" ಎಂದು ರೋಸ್ಲಿನ್ ನಗುತ್ತ ಕುರ್ಚಿ ಹತ್ತಿದಳು. ನಾನು ಪೆಟ್ಟಿಗೆಯಿಂದ ಕಾಗದ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟೆ. ಮಗ ಗುಡಿಯಲ್ಲಿ ಬಾಲಯೇಸುವಿನ ಗೋದಲಿ ಕಟ್ಟಲು ಹೋಗಿದ್ದ. ಅವನನ್ನು ನೋಡಲಿಲ್ಲ, ಗುಡಿಯ ಮೆಟ್ಟಿಲು ಮುಟ್ಟಿ ಶಿಲುಬೆ ಗುರುತು ಹಾಕಿಕೊಂಡು ತಿರುಗಿದೆ.

ತಿರುಗಿದರೆ ಅದು ನನಗೆ ಗೊತ್ತಿದ್ದ ಊರಾಗಿರಲಿಲ್ಲ. ಮನೆಗಳು ಜಾಗ ಬದಲಿಸುವುದು ಹೊಸದಲ್ಲ, ಆದರೆ ಯಾವಾಗಲೂ ಬಣ್ಣಗಳಾದರೂ ಅವವೇ ಇರುತ್ತಿದ್ದವು. ಈಗ ಬೀದಿಗೆ ಮೂರು ನಾಲ್ಕು ಮನೆ ಹೊಸ ಸೆಟ್ಟು ಕಟ್ಟಿದ್ದವು. ದಾಸವಾಳದವರ ಮನೆ ಇಲ್ಲಿದೆ ಎಂದು ಹೆಜ್ಜೆ ಇಟ್ಟರೆ ಅದು ನೀಲಿ. ಒಬ್ಬಳು ತಲೆಯ ಮೇಲೆ ಕಜ್ಜಾಯದ ಡಬ್ಬ ಹೊತ್ತು ಒಂದು ಬಾಗಿಲಿಗೆ ಹೋಗಿ, ಬೆಪ್ಪಾಗಿ ನಿಂತು, ಇನ್ನೊಂದು ಬಾಗಿಲಿಗೆ ಹೋಗುತ್ತಿದ್ದಳು. ಮೋರಿಯ ಕಟ್ಟೆಯ ಮೇಲೆ ಇನ್ನಾಸಪ್ಪ ಕೂತಿದ್ದ. ಅಂಗಡಿ ಮುಚ್ಚಿ ಬಂದವನು, ಕೈಯಲ್ಲಿ ಬೀಗದ ಕೈ ಇತ್ತು.

"ಸವೇರಿಯಮ್ಮ, ನಮ್ಮನೆ ಕಂಡ್ರಾ?"

"ನಿಮ್ಮದು ನೀಲಿ ಅಲ್ವಾ?"

"ನೀಲಿ ಇತ್ತು. ಈಗ ಎಲ್ಲ ಆಗಿದೀವಿ." ಅವನು ನಿಟ್ಟುಸಿರು ಬಿಟ್ಟ. "ನೀಲಿ ಕಂಡಲ್ಲೆಲ್ಲ ಒಳಗೆ ಹೋದೆ. ಎಲ್ಲ ಕಡೆ ಕಾಫಿ ಕೊಟ್ಟರು. ಹೊಟ್ಟೇಲಿ ಜಾಗ ಇಲ್ಲ. ಕೊನೇ ಮನೇಲಿ ಚಪ್ಪಲಿ ಬಿಟ್ಟು ಚಾಪೆ ಹಾಸ್ಕೊಂಡೂ ಬಿಟ್ಟಿದ್ದೆ, ಯಜಮಾನರು ಯಾರು ಅಂತ ಆ ಮನೆಯಮ್ಮ ಕೇಳಿದ್ಮೇಲೆ ಎದ್ದು ಬಂದೆ."

"ಮಾರಿದವನಿಗೇ ಹೀಗಾದರೆ ಕೊಂಡವರ ಗತಿ ಏನಯ್ಯ?"

"ಚುಚ್ಚಬೇಡಿ. ಕೂತ್ಕೊಳ್ಳಿ, ಜೊತೆಯಾಗುತ್ತೆ."

ನಾನು ಕೂರಲಿಲ್ಲ. ಕೂರಲು ಆಗುತ್ತಿರಲಿಲ್ಲ. ಮುಂದಿನ ತಿರುವಿನಲ್ಲಿ ಮಾದಯ್ಯ ಎದುರಾದ. ಅವನ ಚೀಲ ಕಾಗದಗಳಿಂದ ಉಬ್ಬಿತ್ತು. ಕೊಡಲು ಮನೆ ಸಿಕ್ಕಿರಲಿಲ್ಲ. ನನ್ನ ಸೊಂಟದ ಕಡೆ ನೋಡಿದ.

"ಕೊಟ್ಬುಡವ್ವ. ಊರಿಂದ ಆಚೆ ಹೋಗೋ ಕಾಗದಕ್ಕೆ ತೊಂದ್ರೆ ಇಲ್ಲ. ಆಚೆ ಊರಿನ ಮನೆಗಳು ನಿಂತಿರ್ತವೆ."

"ಇನ್ನೊಂದು ಮಾತು ಬರೆಯೋದಿದೆ ಮಾದಯ್ಯ."

"ನಾನು ಪಿಂಚಣಿಗೆ ಹೋಗೋ ಮುಂಚೆ ಬರ್ದುಬುಡು" ಎಂದು ಮುಂದೆ ಹೋದ.

ಆಗ ದೂರದಲ್ಲಿ ದಾಳಿಂಬೆ ಕೆಂಪು ಕಂಡಿತು. ನನ್ನ ಕಾಲು ನನ್ನನ್ನು ಕೇಳದೆ ಓಡಿತು. ಎಷ್ಟು ವರ್ಷದ ಮೇಲೆ ಆ ಬಣ್ಣ ಒಂದು ಬಾಗಿಲ ಮೇಲೆ! ಅಮ್ಮ ಒಳಗೆ ಇದ್ದಾಳೆ, ಲೂರ್ದು ಇದ್ದಾಳೆ, ಅಪ್ಪ ಇನ್ನೂ ಏನೂ ಒಡೆದಿಲ್ಲ ಅನ್ನಿಸಿಬಿಟ್ಟಿತು. ಅರ್ಧ ದಾರಿಯಲ್ಲಿ ಅದು ಹಳದಿಯಾಯಿತು. ಕಾಲು ನಿಂತಿತು. ನಮ್ಮದಲ್ಲ. ಹಳದಿ ಯಾರ ಮನೆ? ಅಷ್ಟರಲ್ಲಿ ಎಡಗಡೆ ಇನ್ನೊಂದು ಮನೆ ಕೆಂಪಾಯಿತು, ಅದೇ ಕೆಂಪು. ಅತ್ತ ತಿರುಗಿದೆ, ಅದೂ ಹೋಯಿತು. ಒಂದೇ ಅಂಗಡಿಯ ಸೆಟ್ಟುಗಳು, ಎಲ್ಲಕ್ಕೂ ಅದೇ ಕೆಂಪು ಇತ್ತು. ನಾನು ಬೀದಿಯ ನಡುವೆ ಗಿರಗಿರನೆ ತಿರುಗುತ್ತಿದ್ದೆ. ಒಂದು ಬಾಗಿಲ ಒಳಗಿಂದ ಊಟದ ಸದ್ದು, ನಗುವ ಸದ್ದು ಕೇಳಿಸುತ್ತಿತ್ತು. ಒಳಗೆ ಹೋಗಿ, ಅಮ್ಮಾ ಸವೇರಿಯಮ್ಮನ ಮನೆ ಯಾವುದು ಎಂದು ಕೇಳಬಹುದಿತ್ತು. ನಾನೇ ಸವೇರಿಯಮ್ಮ. ಬಾಯಿಯವರೆಗೆ ಬಂದ ಮಾತು ಬಾಯಲ್ಲೇ ಉಳಿಯಿತು. ಲೂರ್ದು ಯಾಕೆ ಕೇಳಲಿಲ್ಲ ಅಂತ ಇಷ್ಟು ವರ್ಷ ಮನಸ್ಸಿನಲ್ಲೇ ಅವಳ ಮೇಲೆ ಸಣ್ಣಗೆ ಸಿಟ್ಟಿತ್ತು. ಅದು ಅಲ್ಲೇ ಮಂಜಿನಲ್ಲಿ ಬಿದ್ದುಹೋಯಿತು.

ನಾನಾದರೆ ನಿಂತು ಕಾಯುತ್ತೇನೆ, ಎಂದಾದರೂ ಗುರುತು ಸಿಗುತ್ತದೆ. ಅವಳು ಕಾಯುವವಳಲ್ಲ. ಎರಡು ಸಲ ಬಣ್ಣ ಕೈಕೊಟ್ಟರೆ ಮೂರನೆಯದಕ್ಕೆ ಮಂಡಿ ಹಿಡಿದುಕೊಂಡು ಬಸ್ಸಿನ ಕಡೆ ತಿರುಗುತ್ತಾಳೆ. ಆಗದು, ಈ ದೀಪ ಆಗದು, ಹಸಿರನ್ನೇ ಕಟ್ಟಿ ಕಾಗದವನ್ನು ಒಲೆಗೆ ಹಾಕುತ್ತೇನೆ ಎಂದುಕೊಂಡೆ. ಒಲೆ ಎಲ್ಲಿದೆಯೋ ಅದು ಮೊದಲು ಸಿಗಬೇಕಿತ್ತಲ್ಲ.

ಬೀದಿಯ ತುದಿಯಲ್ಲಿ ಮತ್ತೆ ಒಂದು ಮನೆ ಕೆಂಪಾಯಿತು. ಈ ಸಲ ನಾನು ಓಡಲಿಲ್ಲ. ಹೋಗುತ್ತದೆ, ನೋಡು, ಈಗ ಹೋಗುತ್ತದೆ ಎಂದು ಸೆರಗಿನ ತುದಿ ಕಚ್ಚಿಕೊಂಡು ನಿಂತೆ. ಅಕ್ಕಪಕ್ಕದವು ಹಳದಿಯಾದವು, ನೀಲಿಯಾದವು, ಸುತ್ತು ಹೊಡೆದು ನೇರಳೆಯಾದವು. ಅದು ಕೆಂಪಾಗಿಯೇ ಇತ್ತು. ಒಡೆದ ಹಣ್ಣಿನ ಕಾಳಿನ ಹಾಗೆ, ತುಂಬಿಕೊಂಡು, ಕದಲದೆ. ನಡೆದೆ. ಹತ್ತಿರವಾದರೂ ಅದು ಹೋಗಲಿಲ್ಲ. ಬಾಗಿಲಲ್ಲಿ ಕುರ್ಚಿಯ ಮೇಲೆ ರೋಸ್ಲಿನ್ ನಿಂತಿದ್ದಳು, ದೀಪದ ತಂತಿಗೆ ಸೇರಿಸಿದ್ದ ಸಣ್ಣ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಅದರ ಗುಂಡಿಯ ಮೇಲೆ ಹೆಬ್ಬೆರಳು ಇಟ್ಟುಕೊಂಡು.

"ಎಲ್ಲಿಗೆ ಹೋಗಿಬಿಟ್ರಿ ಅತ್ತೆ! ಸಾರು ಎರಡು ಸಲ ಬಿಸಿ ಮಾಡಿದೆ." ಕುರ್ಚಿಯ ಮೇಲಿಂದಲೇ ಬಗ್ಗಿ ನನ್ನನ್ನು ನೋಡಿದಳು. "ನೀವು ಬೀದಿ ತುದೀಲಿ ಸುತ್ತೋದು ಕಂಡ ಹಾಗಾಯ್ತು. ಕೂಗಿದೆ, ಕೇಳಿಸಲಿಲ್ಲ. ಇಳಿದು ಬರೋಣ ಅಂದ್ರೆ, ನಾನು ಬರೋಷ್ಟರಲ್ಲಿ ಮನೆ ಎಲ್ಲಿಗೆ ಹೋಗುತ್ತೋ, ಇಬ್ಬರೂ ಹೊರಗಾಗ್ತೀವಿ. ಈ ಗುಂಡಿ ಒತ್ತಿದೆ. ಮಿಣಮಿಣ ಅಂತು. ಮತ್ತೆ ಒತ್ತಿದೆ, ಓಡೋಕೆ ಶುರುವಾಯ್ತು. ಒತ್ತುತ್ತಾ ಹೋದೆ, ಒಂದು ಸಲ ಸುಮ್ಮನೆ ನಿಂತುಬಿಡ್ತು, ಹಸಿರಲ್ಲಿ. ಒಂದು ಸುತ್ತು ಬಿಟ್ಟು, ನೀವು ಅಂಗಡೀಲಿ ನನ್ನ ಕೈ ಹಿಡಿದ ಬಣ್ಣ ಬಂದಾಗ ಮತ್ತೆ ನಿಲ್ಲಿಸಿದೆ. ಬೆರಳು ತೆಗೆದ್ರೆ ಹೊರಟುಹೋಗುತ್ತೇನೋ ಅಂತ ಹಾಗೇ ಹಿಡ್ಕೊಂಡಿದೀನಿ."

"ತೆಗೆದು ನೋಡು."

ತೆಗೆದಳು. ಕೆಂಪು ಇತ್ತು. ಇಬ್ಬರೂ ಉಸಿರು ಬಿಟ್ಟೆವು. ಅದೇ ಹೊತ್ತಿಗೆ ಕರೆಂಟು ಹೋಯಿತು. ಊರೆಲ್ಲ ಕತ್ತಲು; ಎಲ್ಲಿಂದಲೋ ಇನ್ನಾಸಪ್ಪ ಅಯ್ಯೋ ದೇವರೇ ಅಂದದ್ದು ಕೇಳಿಸಿತು. ಕರೆಂಟು ಬಂದಾಗ ನಮ್ಮ ದೀಪ ಎಲ್ಲವನ್ನೂ ಮರೆತು ನೀಲಿಯಿಂದ ಮೊದಲು ಮಾಡಿತು.

"ನೋಡಿದ್ರಾ, ಕೃತಘ್ನ ದೀಪ" ಅಂದಳು ರೋಸ್ಲಿನ್. ಬೈಯುತ್ತಲೇ ಒತ್ತಿದಳು, ಒತ್ತಿದಳು, ಕಾದಳು, ನಿಲ್ಲಿಸಿದಳು. ಮತ್ತೆ ಕೆಂಪು. "ಕರೆಂಟು ಹೋದಾಗೆಲ್ಲ ಒಬ್ಬರು ಇದರ ಹತ್ತಿರವೇ ಇರಬೇಕು. ಹಬ್ಬದ ತಿಂಗಳೆಲ್ಲ ಯಾರತ್ತೆ ಇಲ್ಲಿ ಕೂರೋರು?"

ನಾನು ಅವಳ ಕೈಯಿಂದ ಡಬ್ಬಿ ತೆಗೆದುಕೊಂಡೆ. ಅವಳು ನನ್ನ ಮುಖ ನೋಡಿ, ಕುರ್ಚಿಯಿಂದ ಇಳಿದು, ಆ ಕುರ್ಚಿಯನ್ನೇ ನನ್ನ ಹಿಂದಕ್ಕೆ ಸರಿಸಿದಳು.

ಮರುದಿನ ಹಸಿರು ಸರವನ್ನು ಹಿತ್ತಲ ಬಾಗಿಲಿಗೆ ಕಟ್ಟಿದೆವು. ಹಾಲಿನವಳಿಗೆ ನಾವು ಹಸಿರಿನವರು, ಅವಳು ಹಿತ್ತಲಿನಿಂದ ಬರಲಿ. ಅಪ್ಪನೂ ಬೇಕಾದರೆ ಹಿತ್ತಲಿನಿಂದಲೇ ಬರಲಿ. ಮುಂಬಾಗಿಲಲ್ಲಿ ಕುರ್ಚಿ, ಕುರ್ಚಿಯಲ್ಲಿ ನಾನು, ಮಡಿಲಲ್ಲಿ ಅವರೆಕಾಯಿ ಮೊರ, ಮೊರದ ಪಕ್ಕ ಡಬ್ಬಿ. ಸಂಜೆ ದೀಪ ಹತ್ತಿದ ಮೇಲೆ ಅಲ್ಲೇ ಕೂತು, ಆ ಬೆಳಕಿನಲ್ಲೇ, ಬಿಟ್ಟಿದ್ದ ಸಾಲಿನ ಜಾಗದಲ್ಲಿ ಬರೆದೆ. ಒಂದು ಸಾಲಿಗೆ ಬಿಟ್ಟಿದ್ದ ಜಾಗ, ಅಕ್ಷರ ಸಣ್ಣದು ಮಾಡಿ ಮಾಡಿ ತುಂಬಿಸಬೇಕಾಯಿತು.

"ಲೂರ್ದು, ಕೆಂಪು ಹತ್ತಿಸಿದೀನಿ, ದಾಳಿಂಬೆಯದೇ. ಬಾ. ನೀನು ನೋಡ್ತಾ ಇರೋ ಹಾಗೇ ಅದು ನೀಲಿ ಆದ್ರೆ, ಹಳದಿ ಆದ್ರೆ, ತಿರುಗಿ ಹೋಗಬೇಡ. ಕರೆಂಟು ಹೋಗಿ ಬಂದಿರುತ್ತೆ ಅಷ್ಟೆ. ನಿನಗೆ ಕಾದು ಗೊತ್ತಿಲ್ಲ, ನನಗೆ ಗೊತ್ತು. ನಿನ್ನ ಪಾಲಿಂದೂ ನಾನೇ ಕಾದಿದೀನಿ. ನೀನು ಒಂದು ಗಳಿಗೆ ನಿಂತ್ಕೊ ಸಾಕು. ಗುಂಡಿ ನನ್ನ ಕೈಯಲ್ಲಿದೆ."

ಮಡಿಸಿ ಅಂಟಿಸಿದೆ. ವಿಳಾಸವನ್ನು ರೋಸ್ಲಿನ್ ಒಮ್ಮೆ ಓದಿ ನೋಡಿ, ಒತ್ತಕ್ಷರವೆಲ್ಲ ಸರಿಯಾಗಿದೆ ಅಂದಳು. ಮಾದಯ್ಯ ನಮ್ಮ ಹಸಿರನ್ನು ಹುಡುಕಿಕೊಂಡು ಹಿತ್ತಲಿಗೆ ಹೋಗಿ, ಅಲ್ಲಿಂದ ಬೈದುಕೊಳ್ಳುತ್ತ ಮನೆಯನ್ನು ಸುತ್ತಿ ಮುಂದಕ್ಕೆ ಬಂದ. ತಲೆಯೆತ್ತಿ ಬಾಗಿಲು ನೋಡಿದ. ಕೈ ಚಾಚಿದ. ನಾನು ಕಾಗದವನ್ನು ಅವನ ಕೈಗೆ ಕೊಟ್ಟೆ. ಅವನು ಅದನ್ನು ಚೀಲಕ್ಕೆ ಹಾಕಲಿಲ್ಲ, ಅಂಗಿಯ ಜೇಬಿಗೆ ಹಾಕಿಕೊಂಡ. ಕೊನೆಯ ಬಸ್ಸಿಗೆ ಟಪಾಲು ಹೋಗುತ್ತದೆ ಎಂದು ದಡದಡನೆ ನಡೆದ. ಅವನ ಬೆನ್ನು ತಿರುವಿನಲ್ಲಿ ಮರೆಯಾಗುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ನಾನು ಕತ್ತಲಲ್ಲಿ ಗುಂಡಿಯ ಮೇಲೆ ಹೆಬ್ಬೆರಳಿಟ್ಟು ಕೂತೆ.